ಸಾಕವ್ವನನ್ನು ಬಿಟ್ಟರೆ ಹೇಗೆ?

ನಟಿ ಉಮಾಶ್ರೀ ಅವರ ಬಗ್ಗೆ ನೀವು ಬರೆದ ಲೇಖನದಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಗೆ ಮೂರು ಪ್ಯಾರಾ, ರಂಗಭೂಮಿಗೆ ಒಂದೇ ಸಾಲು. ಮನಸ್ಸಿಗೆ ನೋವಾಯಿತು. 2021ರಲ್ಲಿ ಕಿರುತೆರೆಯಲ್ಲಿ ಮೆಸ್ ನಡೆಸುವ ಪುಟ್ಟಕ್ಕನಾಗಿ ಮನೆಮನೆಗೆ ಬಂದವರು ಅದಕ್ಕೂ ದಶಕಗಳ ಹಿಂದೆಯೇ ದೇವನೂರ ಮಹಾದೇವ ಅವರ ‘ಒಡಲಾಳ’ದ ಸಾಕವ್ವನಾಗಿ ರಂಗದ ಮೇಲೆ ನಿಂತವರು. ಆ ನಾಟಕವನ್ನು ನಾನು ನೋಡಿದ್ದೇನೆ. ಕಳೆದುಹೋದ ಹುಂಜಕ್ಕಾಗಿ ಹಲುಬುವ ಆ ಮುದುಕಿಯ ಬಾಗಿದ ಬೆನ್ನು, ಶಾಪ ಹಾಕುತ್ತಲೇ ಒಡೆದುಹೋಗುವ ದನಿ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸಭಾಂಗಣದಲ್ಲಿ ಯಾರೂ ಕೆಮ್ಮಲೂ ಇಲ್ಲ.

ಸಿನಿಮಾ ಅವರಿಗೆ ಬಹುಕಾಲ ಹಾಸ್ಯದ ಪಾತ್ರಗಳನ್ನೇ ಕೊಟ್ಟಿತು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸು’ ಬಂದ ಮೇಲೆ, 2007ರ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಸಿಕ್ಕಾಗ, ಹಲವರು ಬೆರಗಾದರು. ಸಾಕವ್ವನನ್ನು ಕಂಡಿದ್ದ ನಮಗೆ ಬೆರಗೇನೂ ಆಗಲಿಲ್ಲ, ಸಂತೋಷವಾಯಿತು. ಶಾಸಕಿಯಾಗಿ, ಸಚಿವೆಯಾಗಿ ದುಡಿದ ಬಳಿಕವೂ ‘ಶರ್ಮಿಷ್ಠೆ’ಯಂತಹ ಏಕವ್ಯಕ್ತಿ ಪ್ರಯೋಗಕ್ಕೆ ಅವರು ಮರಳಿದರಲ್ಲ, ಅದಕ್ಕಿಂತ ದೊಡ್ಡ ಸುದ್ದಿ ಇನ್ನೇನು ಬೇಕು? ಪುಟ್ಟಕ್ಕ ಎಲೆ ಹಾಕಿ ಅನ್ನ ಬಡಿಸುವಾಗ ನನಗೆ ಕಾಣುವುದು ಸಾಕವ್ವನ ಕೈಗಳೇ. ದಯವಿಟ್ಟು ಅವರ ರಂಗಜೀವನದ ಬಗ್ಗೆಯೇ ಇನ್ನೊಂದು ಲೇಖನ ಬರೆಯಿರಿ.