ಟೂರಿಗೆ ಫೋನ್ ಸಾಕು, ಕ್ಯಾಮೆರಾ ಬೇಕಿರೋದು ಮನೆಗೆ

ದಸರಾ ರಜೆ ಹತ್ತಿರ ಬಂತು ಅಂದ್ರೆ ನನ್ನ ಇನ್‌ಬಾಕ್ಸಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತೆ. "ಸರ್, ಫ್ಯಾಮಿಲಿ ಜೊತೆ ಹಂಪಿಗೆ ಹೋಗ್ತಿದ್ದೀವಿ, ಒಳ್ಳೇ ಕ್ಯಾಮೆರಾ ಒಂದು ಹೇಳಿ. ಮನೇಲಿ ದಿನಾ ತೆಗೆಯೋಕೆ ಹೇಗೂ ಫೋನ್ ಇದೆ."

ಈ ಲೆಕ್ಕ ಪೂರ್ತಿ ತಿರುಗುಮುರುಗು ಅನ್ನೋದು ನನ್ನ ವಾದ. ಹಂಪಿಗೆ ಫೋನು ಧಾರಾಳವಾಯ್ತು. ಕ್ಯಾಮೆರಾ ಬೇಕಿರೋದು ಮನೆಯೊಳಗೆ, ಸಂಜೆ ಏಳರ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಒಂದು ಕಡೆ ನಿಲ್ಲದ ಮಗು ಇರೋ ಕಡೆ.

ಮೊದಲು ಹಂಪಿಯನ್ನೇ ಮುಗಿಸಿಬಿಡೋಣ. ಮಧ್ಯಾಹ್ನದ ಬಿಸಿಲು, ನೀವು ವಿಠ್ಠಲ ದೇವಸ್ಥಾನದ ಮಂಟಪದ ನೆರಳಲ್ಲಿ ನಿಂತು ಹೊರಗಿನ ಕಲ್ಲಿನ ರಥ ತೆಗೀತಿದ್ದೀರಿ. ಒಳಗಿನ ಕಂಬ ಕಪ್ಪು, ಹೊರಗಿನ ಆಕಾಶ ಬೆಂಕಿ. ಕ್ಯಾಮೆರಾದಲ್ಲಿ ಎರಡನ್ನೂ ಉಳಿಸಬೇಕಾದ್ರೆ ರಾ ಫೈಲಲ್ಲಿ (ಕ್ಯಾಮೆರಾ ಹಿಡಿದಿದ್ದನ್ನೆಲ್ಲ ಹಾಗೇ ಇಟ್ಟಿರೋ ಕಚ್ಚಾ ಫೈಲು) ತೆಗೆದು, ಊರಿಗೆ ಬಂದು, ಕಂಪ್ಯೂಟರ್ ಮುಂದೆ ಕೂತು ನೆರಳು ಎತ್ತಬೇಕು. ಹಾಗೆ ಕೂರೋರು ನೂರಕ್ಕೆ ಎಷ್ಟು ಜನ ಅಂತ ನಿಮಗೂ ಗೊತ್ತು. ಫೋನು ಮಾತ್ರ ನೀವು ಬಟನ್ ಒತ್ತೋ ಮೊದಲೇ ಒಂದರ ಹಿಂದೊಂದು ಫ್ರೇಮ್ ತೆಗೆದಿಟ್ಕೊಂಡಿರುತ್ತೆ. ಒತ್ತಿದ ತಕ್ಷಣ ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿ, ಕಂಬದ ಕೆತ್ತನೆಯನ್ನೂ ಉಳಿಸಿ ಮೋಡವನ್ನೂ ಉಳಿಸಿ ಕೈಗೆ ಕೊಡುತ್ತೆ. 2018ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ ನೈಟ್ ಸೈಟ್ ತಂದ ಮೇಲೆ ಇದೇ ವಿದ್ಯೆ ಕತ್ತಲಲ್ಲೂ ನಡೆಯೋಕೆ ಶುರುವಾಯ್ತು. ಕೆಲವು ಸೆಕೆಂಡು ಅಲುಗದೆ ಹಿಡಿದುಕೊಂಡ್ರೆ ಸಾಕು. ಎದುರಿಗಿರೋದೂ ಅಲುಗಬಾರದು ಅಷ್ಟೇ. ಹಂಪಿಯ ಕಲ್ಲು ಐನೂರು ವರ್ಷದಿಂದ ಅಲುಗಿಲ್ಲ. ಫೋನಿಗೆ ಇದಕ್ಕಿಂತ ಒಳ್ಳೇ ಮಾಡೆಲ್ ಎಲ್ಲಿ ಸಿಗುತ್ತೆ?

ಟೂರಿನಲ್ಲಿ ಒಂದೇ ಒಂದು ವಿನಾಯಿತಿ: ಹಕ್ಕಿ, ಪ್ರಾಣಿ. ರಂಗನತಿಟ್ಟು, ಕಬಿನಿ, ದಾಂಡೇಲಿ ಅಂದ್ರೆ ಉದ್ದ ಲೆನ್ಸು ಬೇಕೇ ಬೇಕು. ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ ಅಂಥವರು ಫಿಲ್ಮ್ ಕಾಲದಲ್ಲೇ ಈ ಕೆಲಸ ಮಾಡಿ ತೋರಿಸಿದ ನಾಡು ಇದು. ಫೋನಿನ 100ಎಕ್ಸ್ ಝೂಮ್ ಹಿಡ್ಕೊಂಡು ಆ ಸಾಲಿಗೆ ಸೇರೋಕಾಗಲ್ಲ. 2023ರಲ್ಲಿ ರೆಡ್ಡಿಟ್‌ನಲ್ಲಿ ಒಬ್ಬರು ಚಂದ್ರನ ಚಿತ್ರವನ್ನ ಬೇಕಂತಲೇ ಮಸುಕು ಮಾಡಿ, ಮಾನಿಟರಿನಲ್ಲಿಟ್ಟು, ದೂರದಿಂದ ಸ್ಯಾಮ್‌ಸಂಗ್ ಫೋನಲ್ಲಿ ತೆಗೆದ್ರು. ಮಸುಕು ಚಿತ್ರದಲ್ಲಿ ಇಲ್ಲದ ಕುಳಿಗಳೆಲ್ಲ ಫೋಟೋದಲ್ಲಿ ಬಂದವು. ಚಂದ್ರನನ್ನ ಗುರುತಿಸಿ ವಿವರ ಹೆಚ್ಚಿಸೋಕೆ ಎಐ ಬಳಸ್ತೀವಿ ಅಂತ ಕಂಪನಿಯೇ ವಿವರಣೆ ಕೊಡ್ತು. ಚಂದ್ರನ ವಿಷಯದಲ್ಲಿ ನಂಗೇನೂ ತಕರಾರಿಲ್ಲ, ಅವನ ಮುಖ ದಿನಾ ಒಂದೇ. ಮಕ್ಕಳ ಮುಖ ಹಾಗಲ್ಲ.

ಈಗ ಮನೆಗೆ ಬನ್ನಿ. ನಡುಮಧ್ಯಾಹ್ನದ ಬಿಸಿಲು ಬೆಳಕಿನ ಅಳತೆಯಲ್ಲಿ ಸುಮಾರು 1,00,000 ಲಕ್ಸ್. ನಮ್ಮ ಹಾಲಿನಲ್ಲಿ ರಾತ್ರಿ ಒಂದು ಟ್ಯೂಬ್‌ಲೈಟ್ ಉರಿದ್ರೆ 100, ಬಹಳ ಅಂದ್ರೆ 200. ಕಣ್ಣು ಹೊಂದಿಕೊಳ್ಳೋದ್ರಿಂದ ನಮಗೆ "ಚೆನ್ನಾಗಿ ಬೆಳಕಿದೆಯಲ್ಲ" ಅನ್ಸುತ್ತೆ. ಫೋನು, ಕ್ಯಾಮೆರಾದೊಳಗೆ ಬೆಳಕು ಹಿಡಿಯೋ ಸೆನ್ಸರಿಗೆ ಹಾಗೆ ಅನ್ಸಲ್ಲ. ಬೆಳಕು ಕಮ್ಮಿ ಇದ್ದಾಗ ಎರಡೇ ದಾರಿ: ಹೆಚ್ಚು ಹೊತ್ತು ಬೆಳಕು ಕುಡಿಯೋದು, ಇಲ್ಲಾ ದೊಡ್ಡ ಬಾಯಿಂದ ಕುಡಿಯೋದು. ಫೋನು ಮೊದಲನೇ ದಾರಿ ಹಿಡಿಯುತ್ತೆ, ಕ್ಯಾಮೆರಾ ಎರಡನೇದು.

ದುಬಾರಿ ಫೋನಿನ ಮುಖ್ಯ ಸೆನ್ಸರ್ ಹೆಚ್ಚುಕಮ್ಮಿ 10 ಮಿ.ಮೀ. ಉದ್ದ, 7 ಮಿ.ಮೀ. ಅಗಲ. ಸಾದಾ ಡಿಎಸ್‌ಎಲ್‌ಆರ್‌ನಲ್ಲಿರೋ (ಒಳಗೆ ಕನ್ನಡಿ ಇರೋ, ಲೆನ್ಸ್ ಬದಲಿಸೋ ಕ್ಯಾಮೆರಾ) ಎಪಿಎಸ್-ಸಿ ಅನ್ನೋ ಅಳತೆಯ ಸೆನ್ಸರ್ 23.5ಕ್ಕೆ 15.6 ಮಿ.ಮೀ. ವಿಸ್ತೀರ್ಣದಲ್ಲಿ ಐದು ಪಟ್ಟು. ಲೆನ್ಸಿನ ಕಿಂಡಿ ನೋಡಿದ್ರೆ ಫೋನಿನದು 4 ಮಿ.ಮೀ. ಆಸುಪಾಸು, 35 ಎಂಎಂ ಎಫ್1.8 ಲೆನ್ಸಿನದು (ಎಫ್ ನಂಬರ್ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು) 19 ಮಿ.ಮೀ. ದಾಟುತ್ತೆ. ಅಂದ್ರೆ ಫೋನು 1/30 ಸೆಕೆಂಡಲ್ಲಿ ತೆಗೆಯೋ ಒಂದು ಫ್ರೇಮನ್ನ ಕ್ಯಾಮೆರಾ ಅಷ್ಟೇ ಸ್ವಚ್ಛವಾಗಿ 1/150ರಲ್ಲಿ ತೆಗೆದುಬಿಡುತ್ತೆ. 1/30ರಲ್ಲಿ ಓಡೋ ಮಗುವಿನ ಕೈ ಮಂಜು. 1/150ರಲ್ಲಿ ಬೆರಳು ಎಣಿಸಬಹುದು. ಫೋನು ಹತ್ತು ಫ್ರೇಮ್ ಕೂಡಿಸಿ ಸರಿ ಮಾಡ್ತೀನಿ ಅಂದ್ರೂ ಹತ್ತರಲ್ಲೂ ಮಗು ಹತ್ತು ಕಡೆ ಇರುತ್ತೆ. ಕೊನೆಗೆ ಒಂದೇ ಫ್ರೇಮ್ ಇಟ್ಕೊಂಡು, ಅದರ ಕಾಳುಕಾಳನ್ನ ಒರೆಸಿ ನಯ ಮಾಡುತ್ತೆ. ಫೋಟೋನ ದೊಡ್ಡದು ಮಾಡಿ ಕೂದಲಿನ ಹತ್ತಿರ ನೋಡಿ, ಎಳೆಗಳಿರಲ್ಲ, ಬ್ರಷ್ಷಲ್ಲಿ ಬಳಿದ ಹಾಗಿರುತ್ತೆ.

(200 ಮೆಗಾಪಿಕ್ಸೆಲ್ ಇದೆಯಲ್ಲ ಅನ್ನೋರಿಗೆ: ಅಂಥ ಫೋನುಗಳು 16 ಪಿಕ್ಸೆಲ್ ಒಂದಾಗಿಸಿ ಮಾಮೂಲಿಯಾಗಿ ಕೊಡೋದು 12.5 ಮೆಗಾಪಿಕ್ಸೆಲ್ ಫೋಟೋ. ಸೆನ್ಸರಿನ ಅಳತೆ ಮಾತ್ರ ಅಷ್ಟೇ ಇರುತ್ತೆ.)

ನಮ್ಮ ದಿನನಿತ್ಯ ಅಂದ್ರೆ ಇದೇ ತಾನೆ? ಸಂಜೆ ದೀಪ ಹಚ್ಚೋ ಹೊತ್ತು, ಅಡುಗೆಮನೆಯ ಹೊಗೆ, ಅಜ್ಜ ಮೊಮ್ಮಗನ ಜಗಳ, ಹುಟ್ಟುಹಬ್ಬದ ಕೇಕಿಗೆ ಲೈಟ್ ಆರಿಸಿದ ಆ ಗಳಿಗೆ. ಎಲ್ಲ ಕಡೆಯೂ ಬೆಳಕು ಕಮ್ಮಿ, ಎಲ್ಲರೂ ಅಲುಗಾಡ್ತಿರ್ತಾರೆ. ಫೋನಿಗೆ ಕಷ್ಟವಾದ ಎರಡೂ ಸಂಗತಿ ಒಟ್ಟಿಗೆ ಸಿಗೋದು ಮನೆಯಲ್ಲೇ.

ಕರಾವಳಿಯವರಿಗೆ ಇನ್ನೊಂದು ಉದಾಹರಣೆ. ರಾತ್ರಿಯ ಯಕ್ಷಗಾನ ಬಯಲಾಟಕ್ಕೆ ಹೋಗಿ ತೆಂಕುತಿಟ್ಟಿನ ಬಣ್ಣದ ವೇಷವನ್ನ, ಅಂದ್ರೆ ರಾಕ್ಷಸನ ವೇಷವನ್ನ, ಫೋನಲ್ಲಿ ತೆಗೆದು ನೋಡಿ. ಆ ವೇಷಧಾರಿ ಬಣ್ಣ ಹಚ್ಚೋ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟು ಸುಣ್ಣದ ಚಿಟ್ಟಿ ಇಟ್ಟಿರ್ತಾರೆ, ಮುಖದ ಮೇಲೆ ಒಂದೊಂದೇ ಮುಳ್ಳಿನ ಹಾಗೆ ಎದ್ದು ನಿಂತಿರುತ್ತೆ. ಅವರು ಗಿರಕಿ ಹೊಡೆಯೋ ಹೊತ್ತಿಗೆ ಫೋನು ಅಷ್ಟೂ ಚಿಟ್ಟಿಯನ್ನ ಸವರಿ ಬಿಳೀ ಪಟ್ಟಿ ಮಾಡಿಡುತ್ತೆ. ಸ್ಟೇಜಿನ ಎಲ್‌ಇಡಿ ಅಗ್ಗದ್ದಾಗಿದ್ರೆ ಚಿತ್ರದ ತುಂಬ ಅಡ್ಡಗೆರೆ ಬೇರೆ. ಅದಕ್ಕೆ ಕಾರಣ ನಮ್ಮ 50 ಹರ್ಟ್ಜ್ ಕರೆಂಟು, ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಕ್ಯಾಮೆರಾದಲ್ಲಾದ್ರೆ ಶಟರ್ 1/100 ಸೆಕೆಂಡಿಗೆ ಇಟ್ಟು ಇದರ ಕಾಟ ಬಹುಪಾಲು ತಪ್ಪಿಸಬಹುದು.

ಇನ್ನು ಕ್ಯಾಮೆರಾ ಪರ ನನ್ನ ಬಲವಾದ ವಾದಕ್ಕೆ ಬರ್ತೀನಿ, ಅದು ಕ್ಯಾಮೆರಾನೇ ಅಲ್ಲ, ಅದರ ತಲೆ ಮೇಲೆ ಕೂರೋ ಫ್ಲ್ಯಾಷ್. ಮದುವೆ ಮನೇಲಿ ಫೋಟೋಗ್ರಾಫರ್ ಫ್ಲ್ಯಾಷನ್ನ ನಿಮ್ಮ ಮುಖಕ್ಕೆ ಹಿಡಿಯದೆ ಮಾಳಿಗೆ ಕಡೆ ತಿರುಗಿಸಿರ್ತಾನೆ, ಗಮನಿಸಿದ್ದೀರಾ? ಬಿಳೀ ಸೀಲಿಂಗಿಗೆ ಹೊಡೆದ ಬೆಳಕು ಇಡೀ ಕೋಣೆಗೆ ಹರಡಿ ಮೇಲಿಂದ ಮೆತ್ತಗೆ ಇಳಿಯುತ್ತೆ, ಕಿಟಕಿ ಪಕ್ಕ ನಿಂತ ಹಾಗೆ. ಕಣ್ಣು ಕೆಂಪಾಗಲ್ಲ, ಹಣೆ ಹೊಳೆಯಲ್ಲ, ಗೋಡೆ ಮೇಲೆ ಕರೀ ನೆರಳು ಬೀಳಲ್ಲ. ಫ್ಲ್ಯಾಷಿನ ಮಿಂಚು ಇರೋದೇ ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ಮಗು ಹಾರಲಿ ಕುಣಿಯಲಿ, ಗಾಳಿಯಲ್ಲೇ ನಿಂತುಬಿಡುತ್ತೆ. ಫೋನಿನ ಹಿಂದಿರೋ ಪುಟ್ಟ ಎಲ್‌ಇಡಿಗೆ ಇದು ಸಾಧ್ಯವೇ ಇಲ್ಲ, ಅದು ಟಾರ್ಚು. ಆದ್ರೆ ಹಂಚಿನ ಮನೆಯವರು ಗಮನಿಸಿ: ಕರೀ ತೊಲೆ, ಕೆಂಪು ಹಂಚಿಗೆ ಹೊಡೆದ ಬೆಳಕು ವಾಪಸ್ ಬರೋದು ಕಮ್ಮಿ, ಬಂದ್ರೂ ಮುಖವೆಲ್ಲ ಕೆಂಪಗೆ. ಅಂಥ ಕಡೆ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ.

ದುಡ್ಡಿನ ಮಾತು. ಜಪಾನಿನ ಕ್ಯಾಮೆರಾ ಕಂಪನಿಗಳ ಒಕ್ಕೂಟದ ಲೆಕ್ಕದ ಪ್ರಕಾರ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಫ್ಯಾಕ್ಟರಿಯಿಂದ ಹೊರಬಂದಿದ್ವು, 2023ರಲ್ಲಿ 80 ಲಕ್ಷವೂ ಇಲ್ಲ. ಉಳಿದ ಕಂಪನಿಗಳಲ್ಲೂ ಬಹುಪಾಲು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕಡೆ ಹೋದವು. ಇದರಿಂದ ನಮ್ಮಂಥವರಿಗೆ ಲಾಭವೇ: ಶೋಕಿಗೆ ಕೊಂಡು ಬೀರುವಿನಲ್ಲಿಟ್ಟ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್‌ಹ್ಯಾಂಡಲ್ಲಿ ಅಗ್ಗಕ್ಕೆ ಸಿಗ್ತಿವೆ. ಮೂವತ್ತು ಸಾವಿರದ ಫೋನ್ ಬಿಟ್ಟು ಲಕ್ಷ ದಾಟೋ ಫೋನಿಗೆ ಕೈ ಹಾಕೋ ಮೊದಲು ನಡುವಿನ ವ್ಯತ್ಯಾಸ ಲೆಕ್ಕ ಹಾಕಿ. ಅದರ ಅರ್ಧದಲ್ಲಿ ಹಳೇ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ), ಒಂದು ಒಳ್ಳೇ ಲೆನ್ಸು, ಒಂದು ಸಾದಾ ಫ್ಲ್ಯಾಷ್ ಎಲ್ಲ ಬಂದು ಕೈಯಲ್ಲಿ ಉಳಿಯುತ್ತೆ.

ಲೆನ್ಸ್ ವಿಷಯದಲ್ಲಿ ಯೂಟ್ಯೂಬಿನವರೆಲ್ಲ 50 ಎಂಎಂ ತಗೊಳ್ಳಿ ಅಂತಾರೆ. ಎಪಿಎಸ್-ಸಿ ಕ್ಯಾಮೆರಾಗೆ ಅದನ್ನ ಹಾಕಿ ಹತ್ತು ಬೈ ಹನ್ನೆರಡರ ಕೋಣೇಲಿ ನಿಂತ್ರೆ ನಿಮ್ಮ ಬೆನ್ನು ಗೋಡೆಗೆ ತಾಗಿದ್ರೂ ಇಬ್ಬರು ಪೂರ್ತಿ ಹಿಡಿಯಲ್ಲ. ಮನೆಗೆ 35 ಎಂಎಂ ವಾಸಿ. ಇನ್ನೊಂದು, ನಿಕಾನ್‌ನ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅಂಗಡಿಯವರು "ಅಗ್ಗ ಇದೆ ಸರ್" ಅಂತ ತನ್ನದೇ ಮೋಟರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಕೊಟ್ರೆ ಫೋಕಸನ್ನ ಕೈಯಲ್ಲೇ ತಿರುಗಿಸ್ತಾ ಕೂರಬೇಕು. ಲೆನ್ಸಲ್ಲೇ ಮೋಟರ್ ಇರೋ, ಎಎಫ್-ಎಸ್ ಅಂತ ಬರೆದಿರೋದನ್ನೇ ಕೇಳಿ.

ತಂದ ಮೇಲೆ ದಯವಿಟ್ಟು ಬ್ಯಾಗಲ್ಲಿ ಹಾಕಿ ಬೀರುವಿನಲ್ಲಿ ಬೀಗ ಹಾಕ್ಬೇಡಿ. ಮಲೆನಾಡು, ಕರಾವಳಿಯ ಒಂದು ಮಳೆಗಾಲ ಸಾಕು, ಲೆನ್ಸಿನೊಳಗೆ ಜೇಡರ ಬಲೆ ಥರ ಫಂಗಸ್ ಹಬ್ಬೋಕೆ. ಹಾಲಿನ ಶೆಲ್ಫಿನ ಮೇಲೆ, ಚಾರ್ಜ್ ಮಾಡಿದ ಬ್ಯಾಟರಿ ಹಾಕಿ, ಮುಚ್ಚಳ ತೆಗೆದ್ರೆ ಸಾಕು ಅನ್ನೋ ಹಾಗೆ ಇಟ್ಟಿರಿ. ಬಳಸ್ತಾ ಇದ್ರೆ ಗಾಳಿಯೂ ಆಡುತ್ತೆ, ಫೋಟೋನೂ ಬರುತ್ತೆ.

ಫೋನನ್ನ ಬೈಯೋಕೆ ಬರೆದಿದ್ದಲ್ಲ ಇದು. ಪಹಣಿ, ಔಷಧಿ ಚೀಟಿ, ಪಾರ್ಕಿಂಗ್ ಕಂಬದ ನಂಬರಿಗೆ ಕ್ಯಾಮೆರಾ ತಗೊಂಡು ಹೋಗೋನು ಹುಚ್ಚ. ಫೋನಲ್ಲೇ ಮುಖ ತೆಗೆಯೋದಾದ್ರೆ ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಒತ್ತಿ, ಹತ್ತಿರ ಹೋದ್ರೆ ಮೂಗು ಬದನೆಕಾಯಾಗುತ್ತೆ. ಗ್ರೂಪ್ ಫೋಟೋದ ತುದಿಯಲ್ಲಿ ದಪ್ಪಗಿರೋ ಚಿಕ್ಕಪ್ಪನ್ನ ನಿಲ್ಲಿಸ್ಬೇಡಿ, ವೈಡ್ ಲೆನ್ಸ್ ಅವರನ್ನ ಇನ್ನೂ ಅಗಲ ಮಾಡುತ್ತೆ.

ಕ್ಯಾಮೆರಾ ಸೋಲೋ ಜಾಗ ಒಂದಿದೆ, ಅಲ್ಲಿ ನನ್ನ ಹತ್ತಿರ ವಾದವಿಲ್ಲ: ಕಳಿಸೋದು. ಕೇಕ್ ಕತ್ತರಿಸಿ ಐದು ನಿಮಿಷಕ್ಕೆ ತಂಗಿ "ಅಣ್ಣಾ, ಗ್ರೂಪಿಗೆ ಹಾಕೋ" ಅಂತಾಳೆ. ಕಂಪನಿಗಳ ವೈಫೈ ಆ್ಯಪ್‌ಗಳನ್ನ ನಂಬ್ಕೊಂಡ್ರೆ ಮುಂದಿನ ಹುಟ್ಟುಹಬ್ಬ ಬರುತ್ತೆ. ಫೋನಿಗೇ ಚುಚ್ಚೋ ಕಾರ್ಡ್ ರೀಡರ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ, ಕ್ಯಾಮೆರಾ ಪಕ್ಕಾನೇ ಇಟ್ಕೊಳ್ಳಿ. ವಾಟ್ಸ್‌ಆ್ಯಪಲ್ಲಿ ಹಾಕುವಾಗ ಎಚ್‌ಡಿ ಒತ್ತಿ, ಅಮ್ಮನಿಗೆ ಪ್ರಿಂಟ್ ಹಾಕಿಸೋದಿದ್ರೆ ಡಾಕ್ಯುಮೆಂಟ್ ಅಂತ ಕಳಿಸಿ.

ಕ್ಯಾನನ್ನೋ ನಿಕಾನೋ ಅನ್ನೋ ಜಗಳ ಕಮೆಂಟಲ್ಲಿ ಬೇಡ. ಸಲಹೆ ಬೇಕಿದ್ದವರು ಎರಡು ವಿಷಯ ಬರೀರಿ: ಬಜೆಟ್ ಎಷ್ಟು, ಹಾಲಿನ ಮಾಳಿಗೆ ಆರ್‌ಸಿಸಿನೋ ಹಂಚೋ.