ಮುದ್ದೆ ಮುರಿಯಲು ಟೇಬಲ್ ಬುಕಿಂಗ್

ಮೊದಲೆಲ್ಲ ದಾರಿ ತಪ್ಪಿದ ಹುಡುಗರಿಗೆ ಮನೆಯಲ್ಲಿ ಒಂದೇ ಎಚ್ಚರಿಕೆ ಇರುತ್ತಿತ್ತು. "ಹೀಗೇ ಆಡ್ತಾ ಇರು, ಒಂದು ದಿನ ಜೈಲಲ್ಲಿ ಮುದ್ದೆ ಮುರೀತೀಯ." ಈಗ ಅದೇ ಹುಡುಗರು ಐಟಿ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದಾರೆ. ಶನಿವಾರ ಸಂಜೆ ಹೋಟೆಲಿಗೆ ಫೋನ್ ಮಾಡಿ ಕೇಳುತ್ತಾರೆ: "ಆರು ಜನಕ್ಕೆ ಒಂದು ಸೆಲ್ ಸಿಗುತ್ತಾ? ಕಂಬಿ ಪಕ್ಕದ್ದೇ ಕೊಡಿ, ಫೋಟೋ ಚೆನ್ನಾಗಿ ಬರುತ್ತೆ."

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ 'ಸೆಂಟ್ರಲ್ ಜೈಲ್' ಅಂತ ಹೋಟೆಲ್ ತೆರೆದಾಗ ಅದರ ವಿಡಿಯೊ ಊರೆಲ್ಲ ಓಡಾಡಿತು. ಜೈಲು ಥೀಮ್ ಅಂದರೆ ಗೊತ್ತಲ್ಲ, ಕಂಬಿ ಹಿಂದೆ ಕೂರಿಸಿ ಊಟ ಹಾಕುವುದು. ಊರಿನ ಬಹುಪಾಲು ಜನ ಅಲ್ಲಿಗೆ ಹೋಗಬೇಕೆಂದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಬೇಕು. ಅಂದರೆ ಒಂದು ಗಂಟೆ ಕಾರಿನೊಳಗೆ ಬಂಧನದಲ್ಲಿದ್ದು, ಬಿಡುಗಡೆಯಾದ ಖುಷಿಗೆ ಸೀದಾ ಜೈಲಿಗೆ.

ನಿಜವಾದ ಸೆಂಟ್ರಲ್ ಜೈಲು ಅಲ್ಲಿಂದ ದೂರವೇನಿಲ್ಲ. ಹೊಸೂರು ರಸ್ತೆ ಹಿಡಿದರೆ ಪರಪ್ಪನ ಅಗ್ರಹಾರ. ಅಲ್ಲಿನ ಸಮಾಚಾರ ಪೇಪರ್ ಓದುವವರಿಗೆಲ್ಲ ಗೊತ್ತು. 2017ರಲ್ಲಿ ಕಾರಾಗೃಹ ಇಲಾಖೆಯ ಡಿಐಜಿಯೇ ವರದಿ ಬರೆದು, ತಮಿಳುನಾಡಿನ ರಾಜಕಾರಣಿಯೊಬ್ಬರಿಗೆ ಒಳಗೆ ಪ್ರತ್ಯೇಕ ಅಡುಗೆಮನೆ ಇದೆ ಎಂದು ಆರೋಪ ಮಾಡಿದರು. 2024ರ ಆಗಸ್ಟ್‌ನಲ್ಲಿ, ಕೊಲೆ ಆರೋಪದ ಮೇಲೆ ಒಳಗಿದ್ದ ಹೆಸರಾಂತ ನಟರೊಬ್ಬರ ಫೋಟೋ ಹೊರಬಂತು. ಹುಲ್ಲಿನ ಮೇಲೆ ಕುರ್ಚಿ. ಕೈಯಲ್ಲಿ ಮಗ್ಗು, ಸಿಗರೇಟು. ಜತೆಗೆ ಮೂವರು. ಜೈಲಿನ ಅಧಿಕಾರಿಗಳು ಅಮಾನತಾದರು, ನಟರನ್ನು ಬಳ್ಳಾರಿ ಜೈಲಿಗೆ ಕಳಿಸಿದರು.

ಆ ಫೋಟೋವನ್ನೂ ಜೈಲು ಹೋಟೆಲಿನ ಒಂದು ಫೋಟೋವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಜನ ಕಂಬಿ ಹಿಂದೆ ಇಕ್ಕಟ್ಟಾಗಿ ಕೂತಿದ್ದಾರೆ. ಇನ್ನೊಂದರಲ್ಲಿ ಬಯಲು ಗಾಳಿಯಲ್ಲಿ ಆರಾಮಾಗಿ ಕೂತಿದ್ದಾರೆ. ಇವೆರಡರಲ್ಲಿ ಹೋಟೆಲ್ ಯಾವುದು ಅಂತ ಕೇಳಿದರೆ ತಪ್ಪು ಹೇಳುವವರೇ ಜಾಸ್ತಿ.

ಹಳೇ ಸೆಂಟ್ರಲ್ ಜೈಲಿನ ಕಥೆ ಇನ್ನೂ ಚೆನ್ನಾಗಿದೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದ ಜೈಲು ಅದು. 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಈಗ ನಗರದಲ್ಲಿ ಕಂಡಕಂಡಲ್ಲಿ ಧರಣಿ ಕೂರುವಂತಿಲ್ಲ. 2021ರ ಆದೇಶದ ಪ್ರಕಾರ ಕೂತರೆ ಅಲ್ಲೇ ಕೂರಬೇಕು. ಕೂಗಾಡುವ ಸ್ವಾತಂತ್ರ್ಯ ಬೇಕಾ, ಹಳೇ ಜೈಲಿನೊಳಗೆ ಬನ್ನಿ ಅಂತ ಸರ್ಕಾರವೇ ಹೇಳಿದ ಮೇಲೆ, ಊಟ ಬೇಕಾ, ಜೈಲಿನೊಳಗೆ ಬನ್ನಿ ಅಂದ ಹೋಟೆಲಿನವನನ್ನು ಯಾಕೆ ದೂರಬೇಕು?

ಈ ವ್ಯಾಪಾರದಲ್ಲಿ ಸರ್ಕಾರಗಳಿಗೂ ಆಸೆ ಇದೆ. ತೆಲಂಗಾಣದ ಸಂಗಾರೆಡ್ಡಿಯ ಹಳೇ ಜೈಲಿನಲ್ಲಿ 500 ರೂಪಾಯಿ ಕಟ್ಟಿದರೆ ಒಂದು ದಿನ ಕೈದಿಯಾಗಿ ಇರಬಹುದು ಅಂತ 2016ರಲ್ಲಿ ಶುರು ಮಾಡಿದರು. ನಮ್ಮ ಬೆಳಗಾವಿಯ ಹಿಂಡಲಗಾ ಜೈಲಿಗೂ ಅಂಥದ್ದೇ ಪ್ರಸ್ತಾವ ಬಂದಿತ್ತು. 500 ರೂಪಾಯಿಗೆ ಊಟ, ವಸತಿ, ಕಾವಲು! ಬೆಂಗಳೂರಿನ ಪಬ್‌ನಲ್ಲಿ ಆ ದುಡ್ಡಿಗೆ ಒಂದು ಗ್ಲಾಸ್ ಬಿಯರ್ ಬರುತ್ತದೆ. ತೆರಿಗೆಗೆ ಪಕ್ಕದವನ ಹತ್ತಿರ ಕೈ ಚಾಚಬೇಕು.

ಬೆಂಗಳೂರಿಗೆ ಈ ವೇಷದ ಹುಚ್ಚು ಹೊಸದಲ್ಲ. ತೊಂಬತ್ತರ ದಶಕದಲ್ಲೇ ಚರ್ಚ್ ಸ್ಟ್ರೀಟ್‌ನಲ್ಲಿ ಬಾಹ್ಯಾಕಾಶ ನೌಕೆಯ ಥರ ಕಟ್ಟಿದ 'ನಾಸಾ' ಪಬ್ ಇತ್ತು. ಇಸ್ರೋದ ಕೇಂದ್ರ ಕಚೇರಿ ಇರುವ ಊರಿನಲ್ಲಿ ನಾಸಾ! ಇಸ್ರೋ ಹೆಸರಿಟ್ಟಿದ್ದರೆ ಕಡಿಮೆ ಖರ್ಚಿನಲ್ಲಿ ಮೇಲೆ ಹೋಗಬಹುದು ಅಂತ ಗಿರಾಕಿಗಳು ನಂಬಿಬಿಡುತ್ತಿದ್ದರೋ ಏನೋ. ಎಂ.ಜಿ. ರಸ್ತೆಯಲ್ಲಿ ಲಂಡನ್ನಿನ ಸುರಂಗ ರೈಲು ನಿಲ್ದಾಣದ ಹಾಗೆ ಅಲಂಕಾರ ಮಾಡಿದ 'ಅಂಡರ್‌ಗ್ರೌಂಡ್' ಅನ್ನುವ ಪಬ್ಬೂ ಇತ್ತು. ನಮ್ಮ ಮೆಟ್ರೋ ಎಂ.ಜಿ. ರಸ್ತೆಗೆ ಬಂದದ್ದು 2011ರಲ್ಲಿ, ಅದೂ ಕಂಬದ ಮೇಲೆ. ಈ ಊರಿನಲ್ಲಿ ಮೊದಲು ಥೀಮ್ ಬರುತ್ತದೆ, ಆಮೇಲೆ ರೈಲು. ಬರುವುದಾದರೆ.

ರೈಲಿನ ವಿಷಯದಲ್ಲಿ ಹೀಗೆ, ಹಳ್ಳಿಯ ವಿಷಯದಲ್ಲಿ ಉಲ್ಟಾ. ಮೊದಲು ಹಳ್ಳಿ ಹೋಗಬೇಕು, ಆಮೇಲೆ ಹಳ್ಳಿ ಥೀಮ್ ಬರಬೇಕು. ಸರ್ಜಾಪುರ ರಸ್ತೆ, ವರ್ತೂರು, ಹೆಣ್ಣೂರು, ಎಲ್ಲ ಕಡೆ ರಾಗಿ ಹೊಲ ಸೈಟಾಯಿತು. ಸೈಟು ಅಪಾರ್ಟ್‌ಮೆಂಟ್ ಆಯಿತು. ಅಪಾರ್ಟ್‌ಮೆಂಟಿನವರಿಗೆ ವಾರಕ್ಕೊಮ್ಮೆ ರಾಗಿ ಹೊಲ ನೋಡಬೇಕು ಅನ್ನಿಸತೊಡಗಿತು. ಹೊಲ ಎಲ್ಲಿಂದ ತರುವುದು? ಹೋಟೆಲಿನ ಗೋಡೆಗೆ ಬಿಡಿಸಿದರು. ಬಾಗಿಲಲ್ಲಿ ಎತ್ತಿನ ಗಾಡಿಯ ಒಂದು ಚಕ್ರ. ಗಾಡಿ ಇಲ್ಲ, ಎತ್ತೂ ಇಲ್ಲ. ಸೂರಿನಿಂದ ಲಾಟೀನು ಇಳಿಬಿಟ್ಟು ಒಳಗೆ ಎಲ್‌ಇಡಿ ಬಲ್ಬು ಹಾಕಿದರು. ಒನಕೆಯನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಬೀಸುವ ಕಲ್ಲಿನ ಮೇಲೆ ಟಿಶ್ಯೂ ಪೇಪರ್ ಡಬ್ಬ. ನಮ್ಮಜ್ಜಿ ಈ ಕಲ್ಲಿನ ಮುಂದೆ ಕೂತು ರಟ್ಟೆ ಸವೆಸಿದವರು. ಮಿಕ್ಸಿ ಬಂದ ದಿನ ಅದನ್ನು ಹಿತ್ತಲಿಗೆ ದೂಡಿಸಿ, ಮತ್ತೆ ಅದರ ಮುಖ ನೋಡಲಿಲ್ಲ. ಈಗ ಅದರ ಜತೆ ಸೆಲ್ಫಿ ತೆಗೆಸಿಕೊಳ್ಳಲು ಕ್ಯೂ.

ಪಂಚೆ ಉಟ್ಟು ಪೇಟ ಕಟ್ಟಿದ ಗೌಡರು ಬಂದು ಹಿಂದಿಯಲ್ಲಿ ಆರ್ಡರ್ ಕೇಳುತ್ತಾರೆ. ಪಾಪ, ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವನು ಅಸ್ಸಾಮಿನ ನಿಜವಾದ ಹಳ್ಳಿಯವನು. ಅಲ್ಲಿ ನಿಜವಾದ ಗದ್ದೆ ಬಿಟ್ಟು ಬಂದು, ಇಲ್ಲಿ ಸುಳ್ಳು ಗದ್ದೆಯ ಮುಂದೆ ನಮ್ಮೂರ ಗೌಡನ ವೇಷ ಹಾಕಿ ನಿಂತಿದ್ದಾನೆ. ಆ ಜಾಗದ ಮೂಲ ಗೌಡರ ಮಗ ಇದ್ದಾನಲ್ಲ, ಅವನು ಹೊರಗೆ ನಿಮ್ಮ ಕಾರು ಪಾರ್ಕ್ ಮಾಡುತ್ತಿದ್ದಾನೆ. ಪೇಟ ಅವನಿಗೆ ಕೊಟ್ಟಿಲ್ಲ, ಕ್ಯಾಪ್ ಕೊಟ್ಟಿದ್ದಾರೆ. ಮೆನುವಿನಲ್ಲಿ ಮುದ್ದೆ ಇದೆ. ನಿಂಬೆಹಣ್ಣಿನ ಗಾತ್ರ, ಒಂದು ತಟ್ಟೆಗೆ ಮೂರು, ಮೇಲೆ ಪುದೀನ ಎಲೆ. ಮುರಿಯುವುದಕ್ಕೆ ಏನೂ ಇಲ್ಲ, ಮಾತ್ರೆ ನುಂಗಿದ ಹಾಗೆ ನುಂಗಬೇಕು.

ಕೆರೆಗಳ ಕಥೆಯೂ ಇದೇ. ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ ಕಟ್ಟಿದೆವು. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ನಿಲ್ಲಿಸಿದೆವು. ನೀರೆಲ್ಲ ಮುಗಿದ ಮೇಲೆ ಈಗ ದೊಡ್ಡ ಪಬ್‌ಗಳ ನಡುವೆ ಕೊಳ ತೋಡಿ, ಸುತ್ತ ಟೇಬಲ್ ಹಾಕಿದ್ದಾರೆ. ದಡದ ಸೀಟಿಗೆ ಮೊದಲೇ ಹೇಳಿಡಬೇಕಂತೆ. ಇನ್ನು ಕೆಲವು ಕಡೆ ಗ್ಲಾಸಿಗೆ ಬೆಂಕಿ ಹಚ್ಚಿ ತಂದುಕೊಡುತ್ತಾರೆ. ದ್ರವದ ಮೇಲೆ ಬೆಂಕಿ ಉರಿಯುವುದನ್ನು ನೋಡಿ ಹುಡುಗರು ಚಪ್ಪಾಳೆ ಹೊಡೆಯುತ್ತಾರೆ. ಅದರಲ್ಲೇನಿದೆ ವಿಶೇಷ? ಬೆಳ್ಳಂದೂರು ಕೆರೆ 2015ರಲ್ಲೇ ನೊರೆಗೆ ಬೆಂಕಿ ಹೊತ್ತಿಸಿಕೊಂಡು ತೋರಿಸಿತ್ತು, ಅದೂ ಪುಕ್ಕಟೆ.

ಕ್ರೇನಿನಲ್ಲಿ ಟೇಬಲ್ ಸಮೇತ ಜನರನ್ನು ಎತ್ತಿ ಊಟ ಹಾಕುವುದೂ ನಡೆಯಿತು, ನಾಗವಾರ ಕೆರೆ ಪಕ್ಕದಲ್ಲಿ, ಸುಮಾರು 160 ಅಡಿ ಎತ್ತರದಲ್ಲಿ. ನನಗೆ ಇದೊಂದರ ಮೇಲೆ ಗೌರವವಿದೆ. ಹೊರವರ್ತುಲ ರಸ್ತೆ ಸುತ್ತಮುತ್ತ ಟ್ರಾಫಿಕ್ ಇಲ್ಲದ ಜಾಗ ಇರುವುದು ಅಷ್ಟು ಎತ್ತರದಲ್ಲಿ ಮಾತ್ರ.

2019ರಲ್ಲಿ ಇಂದಿರಾನಗರಕ್ಕೆ ರೋಬೋಟ್ ಹೋಟೆಲ್ ಬಂತು. ಟ್ರೇ ಹಿಡಿದ ಯಂತ್ರ ಮೆಲ್ಲಗೆ ಉರುಳಿಕೊಂಡು ಬಂದು ನಿಲ್ಲುತ್ತಿತ್ತು, ತಟ್ಟೆ ನಾವೇ ಇಳಿಸಿಕೊಳ್ಳಬೇಕಿತ್ತು. ಇದಕ್ಕೆ ಬಾಯಿ ಬಿಟ್ಟು ನಿಂತವರನ್ನು ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿ ವಿದ್ಯಾರ್ಥಿ ಭವನದಲ್ಲಿ 1943ರಿಂದ ದೋಸೆ ಹಾಕುತ್ತಿದ್ದಾರೆ. ದೋಸೆ ತಟ್ಟೆಗಳನ್ನು ಮೊಣಕೈವರೆಗೆ ಒಂದರ ಮೇಲೊಂದು ಜೋಡಿಸಿಕೊಂಡು, ನಿಮ್ಮ ಕುರ್ಚಿ ಹಿಂದೆ ಕಾಯುತ್ತ ನಿಂತವರ ನಡುವೆ ನುಸುಳಿ ಬಂದು, ಯಾರದು ಯಾವುದು ಅಂತ ಚೀಟಿ ಇಲ್ಲದೆ ಹಂಚುವವರು ಅಲ್ಲಿದ್ದಾರೆ. ಚಾರ್ಜ್ ಮಾಡುವ ಅಗತ್ಯವೂ ಇಲ್ಲ.

ಇಷ್ಟೆಲ್ಲ ವೇಷ ಹಾಕಿದ ಮೇಲೆ ತಿನ್ನಲು ಏನು? ಜೈಲಾಗಲಿ, ಹಳ್ಳಿಯಾಗಲಿ, ಪನೀರ್ ಟಿಕ್ಕಾ ಮತ್ತು ಗೋಬಿ ಮಂಚೂರಿ. ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರಲ್ಲಿ ಸರ್ಕಾರ ನಿಷೇಧ ಹಾಕಿತಲ್ಲ, ಅಂದಿನಿಂದ ಆ ಬಣ್ಣವೆಲ್ಲ ಗೋಡೆಗೆ ಹೋಗಿರಬೇಕು. ಪಕ್ಕದವರ ಮಾತು ಕೇಳದಷ್ಟು ಜೋರು ಸಂಗೀತ. ರಾತ್ರಿ ಒಂದು ಗಂಟೆಗೆ ಪೊಲೀಸರು ಬಂದು ಲೈಟ್ ಆರಿಸಿ ಅನ್ನುತ್ತಾರೆ. ಕೈದಿ, ಗೌಡ, ಗಗನಯಾತ್ರಿ ಎಲ್ಲರೂ ಒಟ್ಟಿಗೆ ರಸ್ತೆಗೆ ಬಂದು ಆಟೋದವರ ಹತ್ತಿರ ಚೌಕಾಸಿ ಮಾಡುತ್ತಾರೆ. ಅಲ್ಲಿ ಮಾತ್ರ ಯಾವ ಥೀಮೂ ಇಲ್ಲ. ಡಬಲ್ ಮೀಟರ್.

ಹೀಗಿರುವಾಗ ನನ್ನದೂ ಒಂದು ಐಡಿಯಾ ಇದೆ, ದುಡ್ಡು ಹಾಕುವವರು ಬೇಕು. ಸರ್ಕಾರಿ ಕಚೇರಿ ಥೀಮ್. ಖರ್ಚು ತೀರಾ ಕಡಿಮೆ. ಕಿರ್ರೆನ್ನುವ ಫ್ಯಾನು, ದಾರ ಕಟ್ಟಿದ ಪೆನ್ನು, ಧೂಳು ಹಿಡಿದ ಕಡತಗಳು, ಟವೆಲ್ ಹೊದಿಸಿದ ಒಂದು ಖಾಲಿ ಕುರ್ಚಿ. ಬಿಸಿ ದೋಸೆಗೆ ಏಳು ಕೆಲಸದ ದಿನ, ತತ್ಕಾಲ್ ಆದರೆ ನಾಲ್ಕು. ಆರ್ಡರ್ ತೆಗೆದುಕೊಳ್ಳುವವರು ಕೇಸ್ ವರ್ಕರ್. ಸಂಭಾಷಣೆಯನ್ನೂ ಬರೆದಿಟ್ಟಿದ್ದೇನೆ.

"ಸಾರ್, ಒಂದು ಮಸಾಲೆ ದೋಸೆ."

"ಫಾರಂ ತುಂಬಿ ತನ್ನಿ."

"ತುಂಬಿದೀನಿ ಸಾರ್."

"ಆಧಾರ್ ಜೆರಾಕ್ಸ್ ಎಲ್ಲಿ? ಪಲ್ಯಕ್ಕೆ ಬೇರೆ ಎನ್‌ಒಸಿ ಬೇಕು. ಎರಡನೇ ಮಹಡಿ."

"ಹೋಗಿದ್ದೆ ಸಾರ್, ಬೀಗ ಹಾಕಿದೆ."

"ಮೇಡಂ ಮೀಟಿಂಗ್‌ಗೆ ಹೋಗಿದಾರೆ. ನಾಳೆ ಬನ್ನಿ. ನಾಳೆ ಬೇಡ, ಎರಡನೇ ಶನಿವಾರ. ಸೋಮವಾರ ಬನ್ನಿ."

"ನೀರಾದ್ರೂ ಕೊಡಿ ಸಾರ್."

"ಸರ್ವರ್ ಡೌನ್ ಆಗಿದೆ."

ಗಿರಾಕಿ ಹಸಿದುಕೊಂಡೇ ವಾಪಸ್ ಹೋಗುವುದರಿಂದ ಅಡುಗೆಮನೆಯ ಬಂಡವಾಳವೂ ಉಳಿಯುತ್ತದೆ. ಬಿಲ್ ಮಾತ್ರ ಅದೇ ದಿನ ಬರುತ್ತದೆ. ಟೇಬಲ್ ಮೇಲೆ ಇಡುವುದಿಲ್ಲ, ಕೆಳಗಿನಿಂದ ಕೊಡುತ್ತೇವೆ.