ಸ್ಪಷ್ಟನೆ: ಟ್ರಿಮ್ ಮೇಲೇರಿದರೆ ಎಳೆಯುವ ಬಲ ಹೆಚ್ಚುವುದಿಲ್ಲ

ಫೋರ್ಡ್ ಮಾವೆರಿಕ್ ಎಂಬ ಪುಟ್ಟ ಪಿಕಪ್ ಟ್ರಕ್ಕಿನಲ್ಲಿ ಟ್ರಿಮ್, ಅಂದರೆ ಸೌಲಭ್ಯಗಳ ದರ್ಜೆ, ಎಕ್ಸ್‌ಎಲ್‌ನಿಂದ ಎಕ್ಸ್‌ಎಲ್‌ಟಿಗೆ, ಅಲ್ಲಿಂದ ಲಾರಿಯಟ್‌ಗೆ ಹೋದಂತೆಲ್ಲ ಹೊರೆ ಹೊರುವ ಮತ್ತು ಎಳೆಯುವ ಸಾಮರ್ಥ್ಯವೂ ಹೆಚ್ಚುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. 2022ರ ಮೊದಲ ಮಾದರಿಯಲ್ಲಿ ಮೂಲ ಎಳೆತದ ಮಿತಿ 2,000 ಪೌಂಡ್, ಅಂದರೆ ಸುಮಾರು 907 ಕಿಲೋ. ಅದು 4,000 ಪೌಂಡ್‌ಗೆ ಏರುವುದು 2.0 ಲೀಟರ್ ಟರ್ಬೊ ಎಂಜಿನ್ನಿನೊಂದಿಗೆ ಪ್ರತ್ಯೇಕ ಟೋವಿಂಗ್ ಪ್ಯಾಕೇಜನ್ನು ಆರಿಸಿಕೊಂಡಾಗ ಮಾತ್ರವೇ ಹೊರತು ಆಸನದ ಹೊದಿಕೆ ಬದಲಾದಾಗಲ್ಲ. ಲಾರಿಯಟ್ ಕೊಡುವುದು ಮುಖ್ಯವಾಗಿ ಸೌಕರ್ಯ ಮತ್ತು ಅಲಂಕಾರವನ್ನು. ಹೊರೆಯ ವಿಷಯದಲ್ಲಂತೂ ಲೆಕ್ಕ ಕೆಲವೊಮ್ಮೆ ತಿರುಗುಮುರುಗಾಗುತ್ತದೆ: ಗರಿಷ್ಠ 1,500 ಪೌಂಡ್ ಹೊರಬಲ್ಲ ಈ ವಾಹನ, ಕಚ್ಚಾ ಹಾದಿಗೆಂದು 2023ರಲ್ಲಿ ಬಂದ, ನೋಟಕ್ಕೆ ಹೆಚ್ಚು ಗಟ್ಟಿಯಾದ ಟ್ರೆಮರ್ ರೂಪದಲ್ಲಿ 1,200 ಪೌಂಡ್‌ಗೆ ಇಳಿಯುತ್ತದೆ. ಹಿಂಬದಿಯ ನಾಲ್ಕೂವರೆ ಅಡಿ ತೊಟ್ಟಿ, ಹಲಗೆಗಳನ್ನು ಸಿಕ್ಕಿಸಿ ಅದನ್ನು ವಿಭಾಗಿಸಿಕೊಳ್ಳಲು ಇರುವ ಸಂದುಗಳು ಅಗ್ಗದ ಎಕ್ಸ್‌ಎಲ್‌ನಲ್ಲಿಯೂ ಇವೆ. ಉಕ್ಕಿನ ಚಕ್ರಗಳ ಆ ಸರಳ ಟ್ರಕ್ಕೇ, ನನ್ನ ಮಟ್ಟಿಗೆ, ಈ ವಾಹನದ ನಿಜವಾದ ಆಕರ್ಷಣೆ.